ಬಾವಿಯ ಪರವಾಗಿ ಸಾಕ್ಷಿ

ನಮ್ಮ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಹೊಸದಾಗಿ ಬಂದವರು ಯಾರಾದರೂ "ತಮ್ಮ ಉದ್ಯೋಗ?" ಎಂದು ಕೇಳಿದರೆ ನನಗೆ ಪೇಚಾಟಕ್ಕಿಟ್ಟುಕೊಳ್ಳುತ್ತದೆ. ಡಾಕ್ಟರು, ಇಂಜಿನಿಯರು ಎಂದರೆ ಒಂದೇ ಮಾತಿಗೆ ಮುಗಿಯುತ್ತದೆ. "ಪರರ ಬಾವಿಯಲ್ಲಿ ಇಣುಕುವುದು" ಎಂದರೆ ನಗುತ್ತಾರೆ, ಸಾರು ಬಡಿಸುವವರೂ ಒಂದು ಕ್ಷಣ ನಿಲ್ಲುತ್ತಾರೆ. ಆದರೆ ನಿವೃತ್ತನಾಗುವವರೆಗೆ ಈ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ನಾನು ಮಾಡಿದ್ದು ಅದನ್ನೇ. ಕಲ್ಲಿದ್ದಲ ಗಣಿ ತೆರೆಯುವ ಮೊದಲು ಸುತ್ತಲಿನ ಮನೆಗಳ ಬಾವಿ ಅಳೆಯುವುದು, ತೆರೆದ ಮೇಲೆ ಮತ್ತೆ ಅಳೆಯುವುದು, ನೀರು ಕೆಟ್ಟಿತೆಂದು ದೂರು ಬಂದರೆ ಕಾರಣ ಹುಡುಕುವುದು. ಈಚೆಗೆ ನಮ್ಮ ಕೆಲವು ಕುಟುಂಬಗಳು ಊರಾಚೆ ಮನೆ ಕೊಂಡಿವೆ. ಅಲ್ಲಿ ನಲ್ಲಿಯಲ್ಲಿ ಬರುವುದು ಸ್ವಂತ ಬಾವಿಯ ನೀರು. ಅದಕ್ಕಾಗಿ ಈ ನಾಲ್ಕು ಮಾತು.

ರಾಟೆ, ಹಗ್ಗ, ಕೊಡಗಳ ಬಾವಿ ಇದಲ್ಲ. ಅಂಗಳದ ಹುಲ್ಲಿನ ನಡುವೆ ಮುಚ್ಚಳ ಹಾಕಿದ ಒಂದು ಕಬ್ಬಿಣದ ಕೊಳವೆ, ಅಷ್ಟೆ. ಇಣುಕಿ ನೋಡುವ ಅಭ್ಯಾಸ ಯಾರಿಗೂ ಇಲ್ಲ. ಇಂಥ ಖಾಸಗಿ ಬಾವಿಗಳು ಈ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇವೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಇಲ್ಲಿಯವರು 'ಸ್ಟ್ರಿಪ್ ಮೈನ್' ಎನ್ನುವುದು ನಮಗೆ ಹೊಸದು. ಗುಡ್ಡದ ಮೇಲಿನ ಮಣ್ಣನ್ನೂ ಬಂಡೆಯನ್ನೂ ಸಿಡಿಸಿ, ಕಿತ್ತು, ಬದಿಗೆ ಹಾಕಿ, ಕೆಳಗಿನ ಇದ್ದಲ ಪದರ ತೆಗೆದುಕೊಂಡು, ಕಿತ್ತದ್ದನ್ನೇ ಮತ್ತೆ ತುಂಬುತ್ತಾರೆ. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದರೆ ಸುತ್ತಲಿನ ನೀರೆಲ್ಲ ಅತ್ತ ಜರಿಯುತ್ತದೆ, ನೆರೆಯ ಬಾವಿ ಇಳಿಯುತ್ತದೆ. ಅದು ಒಂದು ಪೆಟ್ಟು. ಇನ್ನೊಂದು ನಿಧಾನದ್ದು. ಇದ್ದಲಿನ ಜೊತೆಗಿರುವ ಬಂಡೆಯಲ್ಲಿ ಪೈರೈಟ್ ಇರುತ್ತದೆ, ಎಂದರೆ ಕಬ್ಬಿಣ ಮತ್ತು ಗಂಧಕ. ನೆಲದಾಳದಲ್ಲಿ ಅದು ಸಾಧುಪ್ರಾಣಿ. ಪುಡಿಯಾಗಿ ಗಾಳಿ ಮಳೆ ತಾಕಿತೋ, ಗಂಧಕಾಮ್ಲವಾಗುತ್ತದೆ, ಕಬ್ಬಿಣ ಕರಗಿ ಹರಿಯುತ್ತದೆ. ಇಲ್ಲಿಯ ಹಳ್ಳಗಳಲ್ಲಿ ಕಲ್ಲುಗಳಿಗೆ ಕಿತ್ತಳೆ ಬಣ್ಣದ ಗಸಿ ಮೆತ್ತಿಕೊಂಡಿರುವುದನ್ನು ನೀವು ಕಂಡಿರಬಹುದು. ಅದು ಇದರದೇ ಕೊಡುಗೆ.

ನೀರು ಹುಳಿಯಾಗಿಲ್ಲ, ಆದ್ದರಿಂದ ಗಣಿಯ ತಪ್ಪಿಲ್ಲ ಎಂದು ವಾದಿಸುವವರನ್ನು ಬಹಳ ಕಂಡಿದ್ದೇನೆ. ಅದು ಪೊಳ್ಳು ವಾದ. ಗುಡ್ಡದಲ್ಲಿ ಸುಣ್ಣಕಲ್ಲಿದ್ದರೆ ಆಮ್ಲ ಸತ್ತುಹೋಗುತ್ತದೆ, ಆದರೆ ಅದರಿಂದ ಹುಟ್ಟಿದ ಸಲ್ಫೇಟ್ ಬಹುಮಟ್ಟಿಗೆ ನೀರಿನಲ್ಲೇ ಉಳಿಯುತ್ತದೆ. ನಾನು ಮೊದಲು ನೋಡುತ್ತಿದ್ದುದು ಸಲ್ಫೇಟನ್ನೇ. ಬಾವಿ ಕೆಡಿಸಿದ್ದು ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಾದರೆ ಏರುವುದು ಕ್ಲೋರೈಡ್. ಬರಗಾಲವಾದರೆ ಗಣಿಯಿಂದ ಬಹುದೂರದ ಬಾವಿಯೂ ಇಳಿದಿರುತ್ತದೆ. ಜನ ಮೊದಲು ಬೈಯುವುದು ಸಿಡಿಮದ್ದನ್ನು. ಮನೆಯ ಪಾತ್ರೆಗಳು ಗಡಗಡ ಎಂದಮೇಲೆ ಬೈಯದೆ ಇರುವುದು ಹೇಗೆ? ಆದರೆ ಸಿಡಿತದಿಂದ ಕದಡಿದ ನೀರು ಸಾಮಾನ್ಯವಾಗಿ ಮತ್ತೆ ತಿಳಿಯಾಗುತ್ತದೆ. ನಿಜವಾದ ಕೇಡು ಸದ್ದಿಲ್ಲದೆ ಬರುತ್ತದೆ, ಕೆಲವೊಮ್ಮೆ ಗುಂಡಿ ಮುಚ್ಚಿ ಹುಲ್ಲು ಬೆಳೆದ ಮೇಲೆ.

ಕಾನೂನು ಇಲ್ಲವೆಂದಲ್ಲ. ಅಧ್ಯಕ್ಷ ಕಾರ್ಟರ್ 1977ರ ಆಗಸ್ಟಿನಲ್ಲಿ ಸಹಿ ಹಾಕಿದ ಕಾಯಿದೆಯ ಪ್ರಕಾರ, ತೆರೆದ ಗಣಿಯಿಂದ ನೀರು ಹಾಳಾದರೆ ಗಣಿಯವರೇ ಬೇರೆ ನೀರು ಒದಗಿಸಬೇಕು. ಪೆನ್ಸಿಲ್ವೇನಿಯಾ 1992ರಲ್ಲಿ ಇನ್ನೂ ಮುಂದೆ ಹೋಯಿತು. ತೆರೆದ ಗಣಿಯ ಗಡಿಯಿಂದ 1000 ಅಡಿಯೊಳಗೆ ಬಾವಿ ಕೆಟ್ಟರೆ ಬಾವಿಯವರು ಏನನ್ನೂ ರುಜುವಾತು ಮಾಡಬೇಕಿಲ್ಲ, ಹೊಣೆ ಗಣಿಯವರದೇ. ಇದಕ್ಕೆ ಕೆಲವು ವಿನಾಯಿತಿಗಳುಂಟು. ಅದರಲ್ಲಿ ಒಂದು, ಗಣಿ ಶುರುವಾಗುವ ಮೊದಲು ನೀರು ಪರೀಕ್ಷಿಸಲು ಬಂದವರನ್ನು ಮನೆಯವರು ಒಳಗೆ ಬಿಡದೆ ಇದ್ದದ್ದು.

ಈ ಒಂದು ಸಾಲಿನ ಬೆಲೆ ನನಗೆ ಗೊತ್ತಾದದ್ದು 1990ರ ದಶಕದ ಕೊನೆಯಲ್ಲಿ, ಒಂದೇ ಇಳಿಜಾರಿನ ಎರಡು ಮನೆಗಳಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ, ಒಂಟಿ. ಕಾಫಿ ಕೊಟ್ಟು, ಮುಚ್ಚಳ ತೆಗೆಸಿ, ನಾನು ಉಕ್ಕಿನ ಟೇಪಿಗೆ ನೀಲಿ ಸೀಮೆಸುಣ್ಣ ಬಳಿದು ಬಾವಿಗಿಳಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದರು. ಸುಣ್ಣ ಎಲ್ಲಿಯವರೆಗೆ ಒದ್ದೆಯೋ ಅಲ್ಲಿಗೆ ನೀರು. ಅಂಕಿಯನ್ನು ತಮ್ಮ ಕ್ಯಾಲೆಂಡರಿನಲ್ಲೂ ಬರೆದುಕೊಂಡರು. ಮೇಲಿನ ಮನೆಯ ಯಜಮಾನ ಗೇಟಿನಲ್ಲೇ ತಡೆದು ಕೇಳಿದ: "ನಿಮಗೆ ಸಂಬಳ ಕೊಡುವವರು ಯಾರು?" ನಾನಿದ್ದ ಸಂಸ್ಥೆಗೆ ಹಣ ಕೊಡುತ್ತಿದ್ದುದು ಗಣಿಯವರು. ಹಾಗೆಂದೇ ಹೇಳಿದೆ. "ಹಾಗಾದರೆ ನಮಸ್ಕಾರ" ಎಂದ. ಅವನ ಅನುಮಾನ ಅನ್ಯಾಯದ್ದಲ್ಲ; ಅವನ ತಂದೆ, ತಾತ ಇದ್ದಲ ಕಂಪೆನಿಗಳ ಕೈಯಲ್ಲಿ ಪಟ್ಟ ಪಾಡು ಆ ಕಣಿವೆಗೆಲ್ಲ ಗೊತ್ತಿತ್ತು. ಬೇಕಾದರೆ ಬೇರೆ ಪ್ರಯೋಗಾಲಯದಿಂದ ನೀವೇ ಪರೀಕ್ಷೆ ಮಾಡಿಸಿಕೊಳ್ಳಿ, ನಮ್ಮವರನ್ನು ಮಾತ್ರ ತಡೆಯಬೇಡಿ ಎಂದೆ. ಕೇಳಲಿಲ್ಲ. ನೋಟಿಸು ಹೋಯಿತು, ನಿರಾಕರಣೆ ದಾಖಲಾಯಿತು.

ಎರಡನೆಯ ವರ್ಷದ ಹೊತ್ತಿಗೆ ಇಬ್ಬರ ಮನೆಯ ಬಚ್ಚಲಲ್ಲೂ ಕಿತ್ತಳೆ ಕಲೆ. ಮುದುಕಿಯ ಬಾವಿಯಲ್ಲಿ ಲೀಟರಿಗೆ 20 ಮಿಲಿಗ್ರಾಮ್ ಇದ್ದ ಸಲ್ಫೇಟ್ 300 ದಾಟಿತ್ತು. ಹಳೆಯ ಕಾಗದ, ಹೊಸ ಕಾಗದ ಪಕ್ಕಪಕ್ಕ ಇಟ್ಟರೆ ಸಾಕಾಯಿತು, ಗಣಿಯವರು ಆಳವಾದ ಹೊಸ ಬಾವಿ ಕೊರೆಸಿಕೊಟ್ಟರು. ಮೇಲಿನ ಮನೆಯವನಿಗೆ ಬಂದ ಉತ್ತರ: "ನಿಮ್ಮ ನೀರು ಮೊದಲೇ ಹೀಗಿರಲಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ?" ಮೂವತ್ತು ವರ್ಷ ಆ ನೀರು ಕುಡಿದ ಅವನ ನಾಲಗೆಯನ್ನು ಯಾರೂ ಸಾಕ್ಷಿಯಾಗಿ ಒಪ್ಪಲಿಲ್ಲ.

ಕೊನೆಗೆ ದಾರಿ ತೋರಿದ್ದು ಮುದುಕಿಯೇ. ತಮ್ಮ ಪರೀಕ್ಷೆಯ ಕಾಗದಗಳನ್ನೂ ಆ ಕ್ಯಾಲೆಂಡರನ್ನೂ ಹಿಡಿದು ಗುಡ್ಡ ಹತ್ತಿ ಅವನ ಮನೆಗೆ ಹೋದರು. ಎರಡು ಬಾವಿಗಳೂ ಒಂದೇ ಮರಳುಗಲ್ಲಿನ ಪದರದಿಂದ ನೀರೆಳೆಯುತ್ತಿದ್ದವು. ಕೊರೆದವರ ಹಳೆಯ ಲೆಕ್ಕಪತ್ರದಲ್ಲಿ ಅದು ಸ್ಪಷ್ಟವಿತ್ತು. ಒಂದರ ಹಿಂದಿನ ಸ್ಥಿತಿ ಇನ್ನೊಂದಕ್ಕೂ ಸಲ್ಲುತ್ತದೆ ಎಂದು, ರಾಜ್ಯದ ಅಧಿಕಾರಿಗಳು ಕೇಳಿದಾಗ, ನಾನೂ ಬರೆದುಕೊಟ್ಟೆ. ನಮ್ಮ ಸಂಸ್ಥೆಯಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ, ಇರಲಿ. ಇತ್ಯರ್ಥಕ್ಕೆ ಮತ್ತೆ ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅವನು ಪಿಕಪ್ ಗಾಡಿಯಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟುಕೊಂಡು ಪೇಟೆಯಿಂದ ನೀರು ಹೊತ್ತ, ತನ್ನ ಮನೆಗೂ ನಾಲ್ಕು ಹಸುಗಳಿಗೂ.