ಕಾಗೆಯ ಕರೆ



ಅಣ್ಣ ಬಸವಣ್ಣನವರ ವಚನಗಳಲ್ಲಿ ಕಾಗೆ, ಕೋಳಿಗಳ ಪ್ರಸ್ತಾಪವುಳ್ಳ ವಚನವನ್ನು ಅರಿಯದವರು ವಿರಳ. ಅನ್ನ ಕಂಡ ಕಾಗೆಯೂ ತನ್ನವರನ್ನು ಕೂಗುತ್ತದೆ. ಅಷ್ಟೂ ಇಲ್ಲದ ಭಕ್ತನು ಆ ಹಕ್ಕಿಗಿಂತ ಕಡೆ ಎಂಬುದು ಅದರ ತಾತ್ಪರ್ಯ. ಶ್ರೀಮಠದ ದಾಸೋಹಮನೆಯ ಹಿಂದೆ ನಿಂತವರಿಗೆ ಈ ಮಾತಿಗೆ ಬೇರೆ ಟೀಕೆ ಬೇಕಾಗದು. ಕೊಪ್ಪರಿಗೆ ತೊಳೆದ ನೀರಿನೊಡನೆ ನಾಲ್ಕು ಅಗುಳು ಹೊರಬೀಳುತ್ತಲೇ ಬೂದುಗೊರಳಿನ ಊರಕಾಗೆಯ ಒರಟು ‘ಕಾ ಕಾ’ ಮೊದಲಾಗುತ್ತದೆ. ತುಸು ಹೊತ್ತಿಗೆ ತೋಟದ ಕಡೆಯಿಂದ, ಮೈಯೆಲ್ಲ ಕಪ್ಪಾದ ಕಾಡುಕಾಗೆಯ ದಪ್ಪ ದನಿ. ಕಾಗೆ ಕೂಗಿದರೆ ನೆಂಟರು ಬರುವರು, ತಲೆಯ ಮೇಲೆ ಕುಳಿತರೆ ಕೇಡು ಎಂಬ ಮಾತುಗಳ ಗೊಡವೆ ನಮಗೆ ಬೇಡ. 2016ರಲ್ಲಿ ಮುಖ್ಯಮಂತ್ರಿಗಳ ಕಾರಿನ ಮೇಲೆ ಕಾಗೆ ಕುಳಿತದ್ದೂ ದೊಡ್ಡ ಸುದ್ದಿಯಾಯಿತು. ಅದೂ ಶರಣರ ನಾಡಿನಲ್ಲಿ!

ಕಳೆದ ಶ್ರಾವಣದಲ್ಲಿ, ಈ ವಚನದ ಪಾಠ ನಡೆದಾಗ, ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಗುರುಗಳೇ, ಕಾಗೆ ಕರೆಯುವುದು ಪ್ರೀತಿಯಿಂದಲೋ, ಸ್ವಾರ್ಥದಿಂದಲೋ? ಸ್ವಾರ್ಥವಾದರೆ ಅಣ್ಣನವರ ದೃಷ್ಟಾಂತ ನಿಲ್ಲುವುದೇ?”

ಇಂಥದೇ ಪ್ರಶ್ನೆಯನ್ನು ಹಿಡಿದು ಜೀವವಿಜ್ಞಾನಿ ಬರ್ನ್ಡ್ ಹೈನ್‌ರಿಚ್ ಎಂಬವರು ಅಮೆರಿಕದ ಮೇಯ್ನ್ ರಾಜ್ಯದ ಕಾಡಿನಲ್ಲಿ ಹಲವು ಚಳಿಗಾಲಗಳನ್ನು ಕಳೆದರು. ಅವರು ಗಮನಿಸಿದ್ದು ಕಾಗೆಯ ವಂಶದ್ದೇ ಆದ, ಇನ್ನೂ ದೊಡ್ಡ ಗಾತ್ರದ ರೇವನ್ ಪಕ್ಷಿಯನ್ನು. ಇದು ನಮ್ಮ ಕರ್ನಾಟಕದಲ್ಲಿಲ್ಲ. ಹಿಮದಲ್ಲಿ ಸತ್ತ ಪ್ರಾಣಿ ಕಂಡಾಗ ಈ ಹಕ್ಕಿ ಇತರರನ್ನು ಕೂಗುವುದೇಕೆ? 1989ರಲ್ಲಿ ಪ್ರಕಟವಾದ ಅವರ ಗ್ರಂಥದ ಉತ್ತರವು ಮನನಯೋಗ್ಯವಾದುದು. ಆ ಎಡೆಯನ್ನು ತನ್ನ ಸೀಮೆಯಾಗಿಸಿಕೊಂಡ ಜೋಡಿಯು ಸದ್ದಿಲ್ಲದೆ ತಿನ್ನುತ್ತದೆ, ಬಂದವರನ್ನು ಓಡಿಸುತ್ತದೆ. ಕೂಗುವುದು ನೆಲೆಯಿಲ್ಲದೆ ಅಲೆಯುವ ಎಳೆಯ ಹಕ್ಕಿಗಳು. ಒಂಟಿಯಾಗಿ ಬಂದರೆ ಪೆಟ್ಟು ತಿನ್ನಬೇಕು. ಹಲವಾರು ಕೂಡಿ ಬಂದರೆ ಆ ಜೋಡಿ ತಡೆಯಲಾರದು.

ಕರೆದವನಿಗೂ ಲಾಭವುಂಟು, ನಿಜ. ಇದರಿಂದ ವಚನಕ್ಕೆ ಕುಂದುಂಟೆಂದು ನನಗೆ ತೋರದು. ಅಣ್ಣನವರು ಕಾಗೆಯನ್ನು ತ್ಯಾಗಿಯೆಂದು ಹೊಗಳಲಿಲ್ಲ. ಕರೆಯದೆ ಉಣ್ಣುವ ಮನುಷ್ಯನನ್ನು ಪ್ರಶ್ನಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದವರಾದರೂ ಯಾರು? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ! ಒಬ್ಬೊಬ್ಬರೇ ಬಂದು ಪಂಕ್ತಿಯಲ್ಲಿ ಕುಳಿತಿದ್ದರೆ ಎಬ್ಬಿಸಿ ಕಳುಹುವುದು ಸೀಮೆಯುಳ್ಳವರಿಗೆ ಎಷ್ಟರ ಮಾತು? ಒಬ್ಬರು ಮತ್ತೊಬ್ಬರನ್ನು ಕರೆದುದರಿಂದಲೇ ಆ ಪಂಕ್ತಿ ನಿಂತಿತು. ತರಗತಿಯಲ್ಲಿ ನಾನು ಹೇಳಿದ್ದು ಇಷ್ಟು.

ವಿದ್ಯಾರ್ಥಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮರುದಿನ ಮಧ್ಯಾಹ್ನ ನನ್ನನ್ನು ದಾಸೋಹಮನೆಯ ಹಿಂದಕ್ಕೆ ಕರೆದೊಯ್ದು, ಮಾಡಿನತ್ತ ಬೆರಳು ಮಾಡಿದನು. ಒಂದು ಕಾಗೆ ರೊಟ್ಟಿಯ ಚೂರನ್ನು ಕಚ್ಚಿ ತಂದು, ಅತ್ತಿತ್ತ ನೋಡಿ, ಸದ್ದಿಲ್ಲದೆ ಹೆಂಚಿನ ಸಂದಿಗೆ ತುರುಕುತ್ತಿತ್ತು.

“ಇದಕ್ಕೆ ಸೀಮೆಯುಂಟು, ಗುರುಗಳೇ” ಎಂದನು.