ಹುಡುಗರ ಹಾಡಿಗೆ ಹಿರಿಯರ ಕಿವಿ

ವಯಸ್ಸಿಗೆ ತಕ್ಕ ಉಡುಪು, ವಯಸ್ಸಿಗೆ ತಕ್ಕ ಆಹಾರ, ವಯಸ್ಸಿಗೆ ತಕ್ಕ ಮಾತು ಎಂದು ನಮ್ಮ ಹಿರಿಯರು ಕಟ್ಟು ಮಾಡಿರುವುದುಂಟು. ವಯಸ್ಸಿಗೆ ತಕ್ಕ ಸಂಗೀತವೆಂಬುದೊಂದು ಉಂಟೆ? ಉಂಟೆಂದೇ ಬಹುಮಂದಿ ಗೃಹಸ್ಥರ ನಂಬಿಕೆ. ಕುಣಿಸುವ ಹಾಡು ಹುಡುಗರಿಗೆ, ಕಚೇರಿ ನಡುವಯಸ್ಸಿನವರಿಗೆ, ದೇವರನಾಮ ಮುದುಕರಿಗೆ ಎಂದು ಪಾಲು ಹಂಚಿಟ್ಟರೆ ಮನೆಯಲ್ಲಿ ಜಗಳವಿರದು. ಆದರೆ ಕಿವಿಯು ಈ ಪಾಲುಪತ್ರಕ್ಕೆ ರುಜು ಹಾಕಿದಂತೆ ಕಾಣುವುದಿಲ್ಲ. ಅಮೆರಿಕ ದೇಶದಲ್ಲಿ ಹಿಪ್‌ಹಾಪ್ ಎಂಬ ತಾಳಪ್ರಧಾನವಾದ ಹಾಡುಮಾತನ್ನೂ ಪಾಪ್ ಎಂಬ ಜನಪ್ರಿಯ ಗೀತೆಗಳನ್ನೂ ಹಗಲಿರುಳು ಬಿತ್ತರಿಸುವ ರೇಡಿಯೋ ಸ್ಟೇಷನ್ನುಗಳಿವೆ. ಅವುಗಳ ಅಬ್ಬರವನ್ನು ಕೇಳಿದರೆ ಹದಿಹರೆಯದವರಿಗಾಗಿಯೇ ತೆರೆದವೆಂದು ತೋರುತ್ತದೆ. ಆದರೂ ಮನೆಯ ಸಾಲ ತೀರಿಸುತ್ತಿರುವ ಗೃಹಸ್ಥರೂ, ಮಕ್ಕಳ ತಾಯಂದಿರೂ, ಲಾರಿ ನಡೆಸುವವರೂ, ಆಸ್ಪತ್ರೆಯ ದಾದಿಯರೂ ಅವನ್ನು ಕೇಳುವವರಲ್ಲಿ ಸೇರಿದ್ದಾರೆ. ಇದಕ್ಕೆ ಕಾರಣವೇನಿರಬಹುದೆಂದು ವಿಚಾರ ಮಾಡುವುದು ವ್ಯರ್ಥವಾಗಲಾರದೆಂದು ನಮಗೆ ತೋರಿದೆ.

ಮೊದಲನೆಯ ಕಾರಣ ಬಹಳ ಸರಳವಾದುದು. ಈ ಸಂಗೀತವು ನಾವು ಎಣಿಸಿರುವಷ್ಟು ಎಳೆಯದಲ್ಲ. ೧೯೭೩ನೆಯ ಇಸವಿ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂ ಎಂಬ ಬೀದಿಯ ವಸತಿಗೃಹವೊಂದರಲ್ಲಿ, ಹುಡುಗಿಯೊಬ್ಬಳು ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸುವುದಕ್ಕಾಗಿ ಒಂದು ಕೂಟವನ್ನು ಏರ್ಪಡಿಸಿದಳು. ಜಮೈಕಾದಿಂದ ಬಂದು ನೆಲೆಸಿದ್ದ ಅವಳ ಅಣ್ಣ, ಹದಿನೆಂಟರ ತರುಣ, ಕೂಲ್ ಹರ್ಕ್ ಎಂಬ ಹೆಸರಿನವನು, ಅಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ಹಾಕಿದನು. ಹಾಡುಗಾರಿಕೆ ನಿಂತು ಬರಿಯ ತಾಳವಾದ್ಯ ನುಡಿಯುವ ಭಾಗ ಬಂದಾಗ ಕುಣಿಯುವವರ ಉತ್ಸಾಹ ಏರುವುದನ್ನು ಅವನು ಗಮನಿಸಿದ್ದನು. ಒಂದೇ ಪ್ಲೇಟಿನ ಎರಡು ಪ್ರತಿಗಳನ್ನಿಟ್ಟುಕೊಂಡು ಆ ಭಾಗವನ್ನೇ ಮುಗಿಯಗೊಡದೆ ಹಿಗ್ಗಿಸುವುದು ಅವನು ಕಂಡುಕೊಂಡ ಉಪಾಯ. ಹಿಪ್‌ಹಾಪಿನ ಹುಟ್ಟನ್ನು ಆ ರಾತ್ರಿಯಿಂದಲೇ ಎಣಿಸುತ್ತಾರೆ. ೨೦೨೩ರಲ್ಲಿ ಅದರ ಐವತ್ತನೆಯ ವರ್ಷದ ಉತ್ಸವವೂ ನಡೆಯಿತು. ಅಂದು ಕುಣಿದ ಹುಡುಗಿಯರು ಇಂದು ಅಜ್ಜಿಯರು. ತಾನು ಬೆಳೆದ ಹಾಡನ್ನು ಅಜ್ಜಿಯೊಬ್ಬಳು ಕೇಳಿದರೆ ಅದರಲ್ಲಿ ಸೋಜಿಗವೇನು?

ಇದನ್ನು ವ್ಯಾಪಾರಿಗಳು ತಡವಾಗಿ ಅರಿತರು. ೨೦೧೪ರ ಅಕ್ಟೋಬರಿನಲ್ಲಿ ಹ್ಯೂಸ್ಟನ್ ನಗರದ ಸ್ಟೇಷನ್ನೊಂದು, ವಾರ್ತೆಗಳನ್ನೇ ಓದುತ್ತಿದ್ದುದು, ಕೇಳುವವರಿಲ್ಲದೆ ಸೊರಗಿ, ವಾರ್ತೆಯನ್ನು ಬಿಟ್ಟು ಹಳೆಯ ಹಿಪ್‌ಹಾಪ್ ಹಾಡುಗಳನ್ನು ಹಾಕಲಾರಂಭಿಸಿತು. ಕೇಳುವವರ ಸಂಖ್ಯೆ ಕೆಲವೇ ವಾರಗಳಲ್ಲಿ ಬಹಳವಾಗಿ ಏರಿತು. ಬೇರೆ ನಗರಗಳ ಸ್ಟೇಷನ್ನುಗಳೂ ಅದೇ ದಾರಿ ಹಿಡಿದವು. ಜಾಹೀರಾತು ಕೊಡುವವರಿಗೆ ಇಪ್ಪತ್ತೈದರಿಂದ ಐವತ್ತನಾಲ್ಕು ವಯಸ್ಸಿನವರು ಬೇಕು, ಏಕೆಂದರೆ ಕಾರನ್ನೂ ಹಾಸಿಗೆಯನ್ನೂ ಕೊಳ್ಳುವವರು ಅವರೇ. ೨೦೨೨ರ ಫೆಬ್ರವರಿಯಲ್ಲಿ, ಆ ದೇಶದವರೆಲ್ಲ ಕಾದು ನೋಡುವ ಸೂಪರ್ ಬೌಲ್ ಎಂಬ ಕಾಲ್ಚೆಂಡಿನ ಪಂದ್ಯದ ಮಧ್ಯಂತರದಲ್ಲಿ ಹಾಡಿದವರಲ್ಲಿ ಮುಖ್ಯನಾದ ಡಾಕ್ಟರ್ ಡ್ರೇ ೧೯೬೫ರಲ್ಲಿ ಹುಟ್ಟಿದವನು. ಸ್ನೂಪ್ ಡಾಗ್ ಐವತ್ತನ್ನು ದಾಟಿದ್ದನು. ಒಂದು ಕಾಲಕ್ಕೆ ಯಾರ ಹೆಸರನ್ನು ಕೇಳಿದರೆ ತಾಯಂದಿರು ರೇಡಿಯೋ ಆರಿಸುತ್ತಿದ್ದರೋ ಅವರೇ ಈಗ ತಾಯಂದಿರ ಓರಗೆಯವರಾಗಿದ್ದಾರೆ!

ಪಾಪ್ ಸ್ಟೇಷನ್ನಿನ ಸಂಗತಿ ಸ್ವಲ್ಪ ಬೇರೆ. ಒಮಾಹಾ ಪಟ್ಟಣದ ಟಾಡ್ ಸ್ಟಾರ್ಜ್ ಎಂಬಾತನು ೧೯೫೦ರ ಆಸುಪಾಸಿನಲ್ಲಿ ಕಂಡುಕೊಂಡ ಪದ್ಧತಿ ಅದಕ್ಕೆ ಅಡಿಪಾಯವೆನ್ನುತ್ತಾರೆ. ಕಾಸು ಹಾಕಿದರೆ ಹಾಡುವ ಯಂತ್ರವಿದ್ದ ಹೋಟೆಲಿನಲ್ಲಿ ಗಿರಾಕಿಗಳು ದಿನವಿಡೀ ಕೆಲವು ಹಾಡುಗಳನ್ನೇ ಮರಳಿ ಮರಳಿ ಹಾಕಿಸುತ್ತಿದ್ದರಂತೆ. ಅವರು ಹೊರಟುಹೋದ ಮೇಲೆ, ದಿನವೆಲ್ಲ ಅದನ್ನೇ ಕೇಳಿ ಸಾಕಾಗಿರಬೇಕಾದ ಪರಿಚಾರಿಕೆಯು ತನ್ನ ಕಾಸನ್ನೇ ಹಾಕಿ ಮತ್ತೆ ಅದೇ ಹಾಡನ್ನು ಕೇಳಿದಳಂತೆ. ಕಥೆಯಲ್ಲಿ ಉಪ್ಪುಖಾರ ಬೆರೆತಿರಬಹುದು. ಆದರೆ ಮನುಷ್ಯಸ್ವಭಾವ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ದಣಿದು ಮನೆಗೆ ಮರಳುವವನಿಗೆ ಹೊಸದನ್ನು ಪರೀಕ್ಷಿಸುವ ಶಕ್ತಿಯಿರುವುದಿಲ್ಲ. ಮುಂದಿನ ಸಾಲು ಯಾವುದೆಂದು ತಿಳಿದಿರುವ ಹಾಡು ಅವನಿಗೆ ಒರಗುವ ಗೋಡೆಯಂತೆ.

ಇಲ್ಲೊಂದು ಸ್ವಾರಸ್ಯವಿದೆ. ಯಾರು ಯಾವ ಸ್ಟೇಷನ್ನನ್ನು ಕೇಳುತ್ತಾರೆಂದು ತಿಳಿಯಲು ಅಮೆರಿಕದಲ್ಲಿ ಬಹುಕಾಲ ಮನೆಮನೆಗೆ ಒಂದು ದಿನಚರಿ ಪುಸ್ತಕವನ್ನು ಕಳುಹಿಸುತ್ತಿದ್ದರು. ಒಂದು ವಾರ ತಾವು ಕೇಳಿದುದನ್ನು ಅದರಲ್ಲಿ ಬರೆದು ಹಿಂದಿರುಗಿಸಬೇಕು. ೨೦೦೭ರಿಂದ ದೊಡ್ಡ ನಗರಗಳಲ್ಲಿ ಒಂದೊಂದಾಗಿ ಬೇರೆ ಕ್ರಮ ಬಂದಿತು. ಸ್ಟೇಷನ್ನುಗಳು ತಮ್ಮ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸುತ್ತವೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಸಣ್ಣ ಯಂತ್ರವು ಆ ಗುರುತನ್ನು ಹಿಡಿದು ಲೆಕ್ಕವಿಡುತ್ತದೆ. ಪುಸ್ತಕದಲ್ಲಿ ಜನರು ತಮ್ಮದೆಂದು ಒಪ್ಪಿಕೊಳ್ಳುವ ಸ್ಟೇಷನ್ನು ಇರುತ್ತಿತ್ತು. ಯಂತ್ರದಲ್ಲಿ ಕಿವಿಗೆ ಬಿದ್ದುದೆಲ್ಲ ಬಂದಿತು. ಬರೆದುದಕ್ಕಿಂತ ಹೆಚ್ಚು ಸ್ಟೇಷನ್ನುಗಳನ್ನು, ಒಂದೊಂದನ್ನು ಸ್ವಲ್ಪಸ್ವಲ್ಪ ಹೊತ್ತು, ಜನರು ಕೇಳುತ್ತಿದ್ದರೆಂದು ಹೊರಬಿದ್ದಿತು. ಮಕ್ಕಳ ಜೊತೆ ಕಾರಿನಲ್ಲಿ ಕೇಳಿದುದು, ಅಂಗಡಿಯಲ್ಲಿ ಕೇಳಿದುದು, ಎಲ್ಲವೂ ಲೆಕ್ಕಕ್ಕೆ ಬಂದಿತು.

ನಮ್ಮ ದೇಶದಲ್ಲಿ ಇಂತಹ ಯಂತ್ರವಿಲ್ಲದೆಯೇ ಈ ಪರೀಕ್ಷೆ ಒಮ್ಮೆ ನಡೆದುಹೋಗಿದೆ. ೧೯೫೨ರಲ್ಲಿ ಕೇಸ್ಕರರು ಪ್ರಸಾರ ಖಾತೆಯ ಮಂತ್ರಿಗಳಾದ ಮೇಲೆ, ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಬೇಕೆಂಬ ಸದುದ್ದೇಶದಿಂದ, ಚಲನಚಿತ್ರದ ಹಾಡುಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಜನರು ಸಿಲೋನ್ ರೇಡಿಯೋವಿಗೆ ತಿರುಗಿದರು. ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ನಮ್ಮ ತೀರ್ಥರೂಪರು ಬಂಧುಗಳ ಮುಂದೆ ಅರಿಯಕ್ಕುಡಿಯವರ ಕಚೇರಿಯನ್ನೇ ಕೊಂಡಾಡುವರು. ಬೆಳಗ್ಗೆ ರೇಡಿಯೋವಿನ ಮುಳ್ಳು ಮಾತ್ರ ಸಿಲೋನಿನ ಮೇಲೆಯೇ ನಿಂತಿರುತ್ತಿದ್ದುದನ್ನು ಮಕ್ಕಳಾದ ನಾವು ಕಂಡು ಸುಮ್ಮನಿರುತ್ತಿದ್ದೆವು.

ಇನ್ನು ನಮಗೆ ಮುಖ್ಯವಾಗಿ ತೋರಿದ ಕಾರಣ. ನಮ್ಮ ಕಿರಿಯ ತಮ್ಮ ೧೯೯೬ರಲ್ಲಿ ಉದ್ಯೋಗಕ್ಕಾಗಿ ನ್ಯೂಜೆರ್ಸಿಗೆ ಹೋಗಿ ಅಲ್ಲಿಯೇ ಸಂಸಾರ ಹೂಡಿದವನು. ಗಮಕವನ್ನು ಕೇಳಿ ಬೆಳೆದ ಮನೆಯ ಹುಡುಗ. ಮೊದಲ ಚಳಿಗಾಲದಲ್ಲಿ, ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇದ್ದು, ಕಚೇರಿಯಲ್ಲಿ ಜೊತೆಯವರ ಇಂಗ್ಲಿಷು ಅರ್ಧಕ್ಕರ್ಧ ತಿಳಿಯದೆ, ಕಾರಿನಲ್ಲಿ ಹೋಗಿಬರುವ ಎರಡು ಗಂಟೆ ನ್ಯೂಯಾರ್ಕಿನ ಹಿಪ್‌ಹಾಪ್ ಸ್ಟೇಷನ್ನನ್ನು ಹಚ್ಚಿಡುತ್ತಿದ್ದನಂತೆ. ಅದರಲ್ಲಿ ಮಾತೇ ಮಾತು. ಆ ಊರಿನ ಮಾತಿನ ಓಟ ಕಿವಿಗೆ ಹಿಡಿದುದು ಅಲ್ಲಿಂದಲೇ ಎಂದು ಅವನು ಹೇಳುತ್ತಾನೆ. ಎರಡು ವರ್ಷಗಳ ಹಿಂದೆ ನಾವು ಮೂರು ತಿಂಗಳು ಅವನ ಮನೆಯಲ್ಲಿದ್ದಾಗ ಅವನಿಗೆ ಐವತ್ತು ದಾಟಿತ್ತು, ಮಗಳಿಗೆ ಹದಿನೇಳು. ಆ ಮಗು ಮನೆಯೊಳಗೆ ಮಿತಭಾಷಿಣಿ. ಊಟಕ್ಕೆ ಕರೆದರೆ ಬರುವಳು, ಉಂಡು ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಕಾರಿನಲ್ಲಿ ಮಾತ್ರ ಬೇರೆ ಹುಡುಗಿ. ತಂದೆಯ ಪಕ್ಕದಲ್ಲಿ ಕುಳಿತು ಸ್ಟೇಷನ್ನು ಹಚ್ಚುವಳು. ಹಾಡಿನವನನ್ನು ಕುರಿತು ಒಂದು ಮಾತು, ಅದರಿಂದ ಗೆಳತಿಯನ್ನು ಕುರಿತು ಒಂದು ಮಾತು, ಹಾಗೆಯೇ ಪರೀಕ್ಷೆಯ ಭಯ, ಮನಸ್ಸಿನ ಬೇಸರ. ಕಣ್ಣು ಕಣ್ಣು ಕೂಡಬೇಕಾದ ಪ್ರಸಂಗವಿಲ್ಲ. ಇಬ್ಬರ ನೋಟವೂ ರಸ್ತೆಯ ಮೇಲೆ. ಹಿಂದೆ ಕುಳಿತ ನಮ್ಮ ತಲೆ ಆ ಸದ್ದಿಗೆ ಸಿಡಿಯುತ್ತಿದ್ದಿತು. ಅವಳು ಇಳಿದುಹೋದ ಮೇಲೆ, “ನಿನಗೆ ಈ ಗಲಾಟೆ ನಿಜವಾಗಿಯೂ ಹಿಡಿಸುತ್ತದೆಯೇನಪ್ಪ?” ಎಂದು ಕೇಳಿದೆವು. ಅವನು, “ಕೆಲವು ಹಿಡಿಸುತ್ತವೆ ಅಣ್ಣ. ಹಿಡಿಸದಿದ್ದರೂ ನಿಲ್ಲಿಸುವುದಿಲ್ಲ. ಇದನ್ನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಾಳೆ” ಎಂದನು.

ಇಂತಹ ತಂದೆಗೆ ಅನುಕೂಲವಾದ ಕಟ್ಟಳೆಯೊಂದು ಅಲ್ಲಿದೆ. ಬೆಳಗಿನ ಆರರಿಂದ ರಾತ್ರಿಯ ಹತ್ತು ಗಂಟೆಯವರೆಗೆ ಸಾಧಾರಣ ರೇಡಿಯೋವಿನಲ್ಲಿ ಅಸಭ್ಯವಾದುದನ್ನು ಬಿತ್ತರಿಸಕೂಡದು. ಆದುದರಿಂದ ಹಾಡಿನ ಕೆಟ್ಟ ಮಾತುಗಳನ್ನು ಅಳಿಸಿದ ಪ್ರತಿಯನ್ನೇ ಸ್ಟೇಷನ್ನಿನವರು ಹಾಕುತ್ತಾರೆ. ಮಗಳು ಕಿವಿಗೆ ಸಿಕ್ಕಿಸಿಕೊಂಡು ಒಬ್ಬಳೇ ಕೇಳುವ ಪ್ರತಿ ಬೇರೆ, ತಂದೆಯೊಡನೆ ಕೇಳುವ ಪ್ರತಿ ಬೇರೆ. ಇಬ್ಬರಿಗೂ ಅದು ಗೊತ್ತು. ಗೊತ್ತಿಲ್ಲದವರಂತೆ ಇಬ್ಬರೂ ಕುಳಿತಿರುತ್ತಾರೆ. ಸಂಸಾರಗಳು ಇಂತಹ ಮರ್ಯಾದೆಗಳ ಮೇಲೆ ಎಷ್ಟೋ ನಿಂತಿವೆ.

ಹಾಗೆಂದು ಆ ಹಾಡುಗಳನ್ನು ನಾವು ಮೆಚ್ಚಿದೆವೆಂದು ವಾಚಕರು ತಿಳಿಯಬಾರದು. ಹಣದ ಬಡಾಯಿ, ಹೆಂಗಸರನ್ನು ಕುರಿತ ಹಗುರವಾದ ಮಾತು, ಇವು ಅಳಿಸಿದ ಪ್ರತಿಯಲ್ಲಿಯೂ ಸಾಕಷ್ಟು ಉಳಿಯುತ್ತವೆ. ಆದರೆ ಛಂದಸ್ಸು ಕಲಿಸಿದ ಕಿವಿಗೆ ಅವರ ಪ್ರಾಸದ ಬಿಗಿ ಕೇಳಿಸದೆ ಇರದು. ಅನುಪ್ರಾಸಯಮಕಗಳನ್ನು ನಮ್ಮ ಪಂಡಿತಕವಿಗಳು ಹೆಣೆದಂತೆಯೇ ಇವರೂ ಹೆಣೆಯುತ್ತಾರೆ. ಆತ್ಮಪ್ರಶಂಸೆಯಲ್ಲಂತೂ ನಮ್ಮ ರನ್ನನಿಗೆ ಅವರು ದೂರದ ನೆಂಟರು.

ಇನ್ನೊಂದು ಸಂಗತಿ. ಈ ಹಾಡುಗಳಲ್ಲಿ ಅನೇಕವು ಹಳೆಯ ಹಾಡಿನ ತುಣುಕಿನ ಮೇಲೆಯೇ ಕಟ್ಟಿದವು. ೧೯೯೦ರಲ್ಲಿ ಎಂ. ಸಿ. ಹ್ಯಾಮರ್ ಎಂಬಾತನ ಹಾಡನ್ನು ಮಕ್ಕಳು ಕುಣಿಯುತ್ತ ಕೇಳುವಾಗ ಅದರ ತಳದಲ್ಲಿದ್ದುದು ರಿಕ್ ಜೇಮ್ಸನ ೧೯೮೧ರ ಹಾಡು. ಮಗ ಹೊಸದೆಂದು ಕೇಳಿದುದರಲ್ಲಿ ತಂದೆಗೆ ತನ್ನ ಪ್ರಾಯ ಕೇಳಿಸಿತು. ೨೦೦೨ರಲ್ಲಿ ಅಲ್ಲಿ ಹೆಸರುವಾಸಿಯಾದ ‘ಅಡಿಕ್ಟಿವ್’ ಎಂಬ ಹಾಡಿನೊಳಗೆ, ೧೯೮೧ರ ‘ಜ್ಯೋತಿ’ ಎಂಬ ಹಿಂದಿ ಚಿತ್ರಕ್ಕಾಗಿ ಲತಾ ಮಂಗೇಶ್ಕರರು ಹಾಡಿದ್ದುದು ಅನುಮತಿಯಿಲ್ಲದೆ ಸೇರಿ, ವಿಷಯ ನ್ಯಾಯಾಲಯಕ್ಕೂ ಹೋಯಿತು. ನ್ಯಾಯದ ಮಾತು ಹಾಗಿರಲಿ. ನಮ್ಮ ತಮ್ಮನ ಹೆಂಡತಿಯು, ಮಂಜು ಸುರಿಯುತ್ತಿದ್ದ ರಸ್ತೆಯಲ್ಲಿ, ಆ ಸ್ಟೇಷನ್ನಿನಿಂದ ಲತಾ ಅವರ ಧ್ವನಿ ಇದ್ದಕ್ಕಿದ್ದಂತೆ ಬಂದಾಗ ಕಾರನ್ನು ಬದಿಗೆ ನಿಲ್ಲಿಸಿ ಅತ್ತುಬಿಟ್ಟಳಂತೆ. “ಏಕೆಂದು ನನಗೂ ಗೊತ್ತಾಗಲಿಲ್ಲ ಭಾವ, ಆ ಹಾಡು ಅಂಥ ಹಾಡೂ ಅಲ್ಲ” ಎಂದು ನಮಗೆ ಹೇಳಿದಳು.

ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನಿಗೆ ಆಗುವುದೂ ಇದೇ ಅಲ್ಲವೆ? ಒಳಮನೆಯಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಸುಖವಾಗಿರುವ ಅರಸನಿಗೆ ಕಾರಣ ತಿಳಿಯದೆ ಕಳವಳ ಹುಟ್ಟುತ್ತದೆ. ಸಹೃದಯನಲ್ಲಿ ವಾಸನಾರೂಪವಾಗಿ ನಿಂತ ಸಂಸ್ಕಾರವಿಲ್ಲದೆ ರಸಾಸ್ವಾದವಿಲ್ಲವೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಆ ವಾಸನೆಯು ಉತ್ತಮ ಕಾವ್ಯಕ್ಕೆ ಮಾತ್ರ ಅಂಟಿಕೊಳ್ಳಬೇಕೆಂಬ ನಿಯಮವನ್ನು ಅವರು ಮಾಡಲಿಲ್ಲ, ಮಾಡಿದ್ದರೂ ನಡೆಯುತ್ತಿರಲಿಲ್ಲ. ಹದಿನಾರರಲ್ಲಿ ಕೇಳಿದುದಕ್ಕೆ ಅಂಟಿಕೊಳ್ಳುತ್ತದೆ, ಪರಸ್ಥಳದ ಮೊದಲ ಚಳಿಗಾಲದಲ್ಲಿ ಕೇಳಿದುದಕ್ಕೆ ಅಂಟಿಕೊಳ್ಳುತ್ತದೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದುದಕ್ಕಂತೂ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ.

ಕಳೆದ ವರ್ಷ ಆ ಹುಡುಗಿ ದೂರದ ಕಾಲೇಜಿಗೆ ಹೊರಟುಹೋದಳು. ಇನ್ನಾದರೂ ತಮ್ಮನು ಕಾರಿನಲ್ಲಿ ತ್ಯಾಗರಾಜರನ್ನು ಕೇಳಬಹುದಷ್ಟೆ ಎಂದುಕೊಂಡು ಟೆಲಿಫೋನಿನಲ್ಲಿ ವಿಚಾರಿಸಿದೆವು. ಸ್ಟೇಷನ್ನು ಬದಲಾಗಿಲ್ಲವಂತೆ. ಹೊಸ ಹಾಡು ಬಂದರೆ ಅದರ ಹೆಸರನ್ನು ಗುರುತು ಮಾಡಿಕೊಂಡು, ಕಚೇರಿ ತಲುಪಿದ ಮೇಲೆ ಮಗಳಿಗೆ ಬರೆದು ಕಳುಹಿಸುತ್ತಾನಂತೆ. “ಅದು ಹಳೆಯದಾಯಿತು ಅಪ್ಪ” ಎಂದು ಉತ್ತರ ಬರುತ್ತದೆಯಂತೆ, ವಾರಕ್ಕೆ ಎರಡು ಮೂರು ಸಲ.