ಹದಿಮೂರನೆಯವ

ಆಲೆಮನೆಯ ಒಲೆಗೆ ರಚ್ಚು ತಳ್ಳುತ್ತ ಕೂತಿದ್ದಾಗ ಅಣ್ಣನ ಮಕ್ಕಳಿಗೆ ಹೇಳಿದ ಸಂಗತಿ ಇದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಪಾಕ ಇಳಿಸಲು ಇನ್ನೂ ಹೊತ್ತಿತ್ತು. ಹುಡುಗರು ಪ್ರೊ ಕಬಡ್ಡಿಯ ಮಾತು ತೆಗೆದರು. "ಚಿಕ್ಕಪ್ಪ, ನೀನೂ ಕಾಲೇಜ್ ಟೀಮಲ್ಲಿದ್ಯಂತೆ?" ಎಂದ ಚಿಕ್ಕವನು.

ಇದ್ದೆ. ಆದರೆ ಯಾರೂ ಕರೆದಿರಲಿಲ್ಲ.

1990ನೇ ಇಸವಿ. ಮಂಡ್ಯದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ಟೀಮಿಗೆ ಆಯ್ಕೆ ನಡೆದ ದಿನ ನಾನು ಗದ್ದೆಯಲ್ಲಿದ್ದೆ. ಕನ್ನಂಬಾಡಿ ನೀರು ನಾಲೆಗೆ ಬಂದಿತ್ತು, ನಾಟಿ ಬಿಟ್ಟು ಹೋಗುವಂತಿರಲಿಲ್ಲ. ವಾರ ಕಳೆದು ಕಾಲೇಜಿಗೆ ಹೋದರೆ ನೋಟಿಸ್ ಬೋರ್ಡಿನಲ್ಲಿ ಹನ್ನೆರಡು ಹೆಸರು ಆಗಲೇ ಅಂಟಿಸಿದ್ದರು.

ಅಂದಿನಿಂದ ಸಂಜೆ ಹೊತ್ತು ಊರಿನ ಕೊನೆ ಬಸ್ಸಿನವರೆಗೆ ಅಂಕಣದ ಅಂಚಿನಲ್ಲಿ ನಿಂತು ನೋಡುವುದೇ ಆಯಿತು. ಅಕ್ಟೋಬರಿನಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಸುದ್ದಿ ಬಂತು: ಮೊದಲ ಸಲ ಪದಕದ ಪಟ್ಟಿಗೆ ಸೇರಿದ ಕಬಡ್ಡಿಯಲ್ಲಿ ಚಿನ್ನ ನಮ್ಮದೇ. (ಆಮೇಲೆ 2014ರವರೆಗೆ ಗಂಡಸರ ಚಿನ್ನ ಒಂದು ಸಲವೂ ಬೇರೆಯವರ ಕೈಸೇರಲಿಲ್ಲ.) ನಮ್ಮೂರ ಕಣದಲ್ಲಿ ಆಡುವ ಆಟ ಅಷ್ಟು ದೂರ ಹೋಗಿ ಗೆದ್ದು ಬಂತಲ್ಲ ಎಂದು ಎದೆ ತುಂಬಿಬಂದಿತ್ತು. ಆ ಧೈರ್ಯದಲ್ಲೇ ಪಿ.ಡಿ. ಸಾರ್ ಮುಂದೆ ಹೋಗಿ ನಿಂತೆ.

"ಪಟ್ಟಿ ಆಗೋಗಿದೆ ಕಣಯ್ಯ," ಎಂದರು. ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದರು. "ಕೋರ್ಟಿಗೆ ನೀರು ಹಾಕ್ತೀಯಾ?"

ಹಾಕಿದೆ. ಆಗ ನಮ್ಮ ಆಟವೆಲ್ಲ ಮಣ್ಣಿನ ಮೇಲೆ, ಬರಿಗಾಲಲ್ಲಿ. ಮಣ್ಣು ಒಣಗಿದರೆ ಮೊಣಕೈ ಮೊಣಕಾಲು ಕಿತ್ತುಬರುತ್ತದೆ, ಹೆಚ್ಚು ನೆನೆದರೆ ಕಾಲು ಜಾರುತ್ತದೆ. ಬೆಳಿಗ್ಗೆ ಎಮ್ಮೆ ಹಾಲು ಕರೆದಿಟ್ಟು ಮೊದಲ ಬಸ್ಸು ಹಿಡಿಯುತ್ತಿದ್ದೆ. ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆಯುವುದು ನನ್ನ ಪಾಲಿನ ಕೆಲಸ. ನಡುಗೆರೆಯಿಂದ ಮೂಲೆಗೆ ಎಷ್ಟು ಹೆಜ್ಜೆ ಎಂದು ನನ್ನ ಕಾಲಿಗೆ ಗೊತ್ತಾಗಿದ್ದು ಹಾಗೆ. ಆ ತಿಂಗಳು ದಂಡವಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಏಳೇಳು ಜನ ಎದುರುಬದುರು ನಿಂತು ಆಡಬೇಕೆಂದರೆ ಹದಿನಾಲ್ಕು ಮಂದಿ ಬೇಕು. ಇದ್ದದ್ದು ಹನ್ನೆರಡು, ಅವರಲ್ಲೂ ಒಬ್ಬಿಬ್ಬರು ಬರುತ್ತಿರಲಿಲ್ಲ. ಒಂದು ಸಂಜೆ ಸಾರ್ ನನ್ನನ್ನು ಕೂಗಿ ಬಲಮೂಲೆಯಲ್ಲಿ ನಿಲ್ಲಿಸಿದರು.

ಮಕ್ಕಳೇ, ಊರಲ್ಲಿ ನಾವು ಆಡುತ್ತಿದ್ದದ್ದು ಒಂಟಿ ಆಟ. ಸಿಕ್ಕವನು ಸಿಕ್ಕ ಕಡೆ ಹಿಡಿಯುತ್ತಿದ್ದ. ಇಲ್ಲಿ ಚೈನ್ ಕಟ್ಟಬೇಕು. ಕಾರ್ನರ್‌ನವನ ಕೈ ಪಕ್ಕದವನ ಕೈಯಲ್ಲಿರಬೇಕು. ಪಕ್ಕದಲ್ಲಿದ್ದ ಹಾಸ್ಟೆಲ್ ಹುಡುಗ ನನ್ನ ಬೆರಳ ತುದಿಯನ್ನಷ್ಟೇ ಹಿಡಿದ. ಅವನ ಗೆಳೆಯ ಆಡುತ್ತಿದ್ದ ಜಾಗ ಅದು. ಹಿಡಿದೂ ಹಿಡಿಯದ ಆ ಕೈ ಇದೆಯಲ್ಲ, ಬಿದ್ದ ಯಾವ ಪೆಟ್ಟಿಗಿಂತಲೂ ಹೆಚ್ಚು ನೋಯಿಸಿತು. ತೋರಿಸಿಬಿಡಬೇಕೆಂಬ ಆತುರಕ್ಕೆ ಮೊದಲ ರೈಡಿಗೇ ಕೈ ಬಿಡಿಸಿಕೊಂಡು ರೈಡರ್‌ನ ಕಾಲಿಗೆ ಹಾರಿದೆ. ಅವನು ನನ್ನನ್ನು ಮೂಟೆಯಂತೆ ಎಳೆದುಕೊಂಡೇ ನಡುಗೆರೆ ದಾಟಿದ.

"ಒಬ್ನೇ ಹಾರ್ಬೇಡ," ಎಂದರು ಸಾರ್. "ಪಕ್ಕದ ಕೈ ಹೇಳೋವರ್ಗೂ ನಿಂತ್ಕೊ."

ಕೈ ಏನು ಹೇಳುತ್ತದೆ? ತಿಳಿಯಲು ವಾರಗಳೇ ಹಿಡಿದವು. ರೈಡರ್‌ನ ತೂಕ ಹಿಂಗಾಲಿನಿಂದ ಮುಂಗಾಲಿಗೆ ಬಿತ್ತೆಂದರೆ ಪಕ್ಕದವನ ಅಂಗೈ ಒಂದಿಷ್ಟು ಬಿಗಿಯುತ್ತದೆ. ಬಿಗಿದು ಬಿಟ್ಟರೆ ಹೋಗು ಎಂದರ್ಥ. ಕಣ್ಣು ರೈಡರ್‌ನ ಪಾದದ ಮೇಲಿರುವಾಗ ಕಿವಿ ಇರುವುದು ಅಂಗೈಯಲ್ಲಿ.

ಡಿಸೆಂಬರಿನಲ್ಲಿ ಅಂತರ ಕಾಲೇಜು ಪಂದ್ಯ. ಹೊರಡುವ ನಾಲ್ಕು ದಿನ ಮೊದಲು ಒಬ್ಬನ ಮಂಡಿ ಉಳುಕಿತು. ಸಾರ್ ಅವನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದರು. ಅವನು ಗೋಡೆಗೊರಗಿ ನೋಡುತ್ತಿದ್ದ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಪಂದ್ಯದ ದಿನ ಎರಡನೇ ಅರ್ಧದ ಕೊನೆಯವರೆಗೂ ಬೆಂಚಿನಲ್ಲೇ ಕೂತಿದ್ದೆ. ಬಲಮೂಲೆಯವನ ಹುಬ್ಬು ಒಡೆದು ರಕ್ತ ಬಂದಾಗ ನನ್ನನ್ನು ಒಳಗೆ ಕಳಿಸಿದರು. ಎದುರು ತಂಡದ ರೈಡರ್ ಎತ್ತರದ ಆಳು. ಹೊಸಬನೆಂದು ಗುರುತಿಸಿ ನೇರ ನನ್ನ ಮೂಲೆಗೇ ಬಂದ. ಕೈ ಚಾಚಿದ, ಹಿಂದೆ ಸರಿದ, ಮತ್ತೆ ಬಂದ. ಹಾರಬೇಕೆಂದು ಮೈಯೆಲ್ಲ ತುಡಿಯುತ್ತಿತ್ತು. ಪಕ್ಕದ ಕೈ ಸುಮ್ಮನಿತ್ತು, ನಿಂತೆ. ಮೂರನೇ ಸಲ ಅವನು ಕಾಲು ಮುಂದಿಟ್ಟ. ಅಂಗೈ ಬಿಗಿಯಿತು, ಬಿಟ್ಟಿತು.

ಹಿಮ್ಮಡಿಯ ಮೇಲೆ ನನ್ನ ಎರಡೂ ಕೈ ಬಿದ್ದದ್ದಷ್ಟೇ ನೆನಪು. ಆಮೇಲೆ ಹಾಸ್ಟೆಲ್ ಹುಡುಗನ ಭಾರ, ಅವನ ಮೇಲೆ ಉಳಿದವರದು. ಬಾಯಿಗೆಲ್ಲ ಮಣ್ಣು. ಸೀಟಿ ಕೇಳಿಸಿತು.

"ಗೆದ್ರಾ ಚಿಕ್ಕಪ್ಪ?"

ಇಲ್ಲ, ಮೂರು ಪಾಯಿಂಟಿನಿಂದ ಸೋತೆವು. ಮಂಡ್ಯಕ್ಕೆ ವಾಪಸ್ ಬಂದಾಗ ನಮ್ಮೂರ ಕೊನೆ ಬಸ್ಸು ಹೋಗಿಯಾಗಿತ್ತು. ಏನೂ ಹೇಳದೆ ಆ ಹುಡುಗ ನನ್ನ ಚೀಲ ಎತ್ತಿಕೊಂಡು ನಡೆದ. ಹಾಸ್ಟೆಲಿನಲ್ಲಿ ಉಳಿದಿದ್ದ ಒಂದು ಮುದ್ದೆಯನ್ನು ಇಬ್ಬರೂ ಮುರಿದುಕೊಂಡು ಉಂಡೆವು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದ:

"ಬೆಳಗ್ಗೆ ಎಷ್ಟೊತ್ಗೆ ಎದ್ದು ನೀರಾಕ್ತೀಯ? ನನ್ನೂ ಎಬ್ಸು."